ಹೊಗೆಯ ಹಾದಿ

ಮಾಘಮಾಸದ ಮುಂಜಾನೆ ಬೀದರ್ ಕೋಟೆಯ ಉತ್ತರದ ಬುರುಜಿನ ಮೇಲೆ ನಿಂತವರ ಕಣ್ಣಿಗೆ ಒಂದು ಸೊಗಸಾದ ನೋಟ ಬೀಳುತ್ತದೆ. ಕೆಮ್ಮಣ್ಣಿನ ಪ್ರಸ್ಥಭೂಮಿ ಅಲ್ಲಿಗೆ ಥಟ್ಟನೆ ಮುಗಿದು, ಕೆಳಗೆ ಮಾಂಜ್ರಾ ನದಿಯ ಬಯಲು ಹರಡಿಕೊಂಡಿದೆ. ನದಿಯ ಆಚೆಗೆ ಔರಾದ್ ಸೀಮೆ, ಪಡುವಣಕ್ಕೆ ಭಾಲ್ಕಿ. ಬಯಲಿನ ಹಳ್ಳಿಗಳ ಮೇಲೆ ತೆಳುನೀಲಿ ಬಣ್ಣದ ತೆರೆಯೊಂದು ಅಲುಗಾಡದೆ ನಿಂತಿರುತ್ತದೆ. ಅದನ್ನು ಬರಿಯ ಮಂಜೆಂದು ಭಾವಿಸುವವರುಂಟು. ಮಂಜಿನೊಡನೆ ಅಲ್ಲಿ ಒಲೆಗಳ ಹೊಗೆ ಬೆರೆತಿದೆ, ಕಬ್ಬಿನ ಗದ್ದೆಯ ರವದಿಗೆ ಇಟ್ಟ ಬೆಂಕಿಯ ಹೊಗೆ ಬೆರೆತಿದೆ, ರಸ್ತೆಯ ಧೂಳು ಬೆರೆತಿದೆ. ನೋಡುವವರ ಬೆನ್ನ ಹಿಂದಿರುವ ಬೀದರ್ ನಗರವೂ ತನ್ನ ವಾಹನಗಳಿಂದ, ಕಾರ್ಖಾನೆಗಳಿಂದ ತನ್ನ ಪಾಲನ್ನು ಸೇರಿಸುತ್ತಲೇ ಇದೆ.

ಈ ತೆರೆ ಚಳಿಗಾಲದಲ್ಲಿಯೇ ಏಕೆ ಎದ್ದು ಕಾಣುತ್ತದೆ? ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲವನ್ನು ಸೋಂಕಿದ ಗಾಳಿಯೂ ತಣಿದು, ಭಾರವಾಗಿ ಅಲ್ಲಿಯೇ ಕುಳಿತುಬಿಡುತ್ತದೆ. ಅದರ ಮೇಲಿನ ಗಾಳಿ ಹೆಚ್ಚು ಬೆಚ್ಚಗಿರುವುದರಿಂದ ಕೆಳಗಿನ ಹೊಗೆ ಮೇಲಕ್ಕೇಳಲಾರದು, ಪಾತ್ರೆಗೆ ಮುಚ್ಚಳವಿಟ್ಟಂತಾಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಮುಚ್ಚಳ ಸರಿಯುತ್ತದೆ, ತೆರೆ ಕರಗುತ್ತದೆ. ಕರಗಿದ ಹೊಗೆಯಲ್ಲಿ ಒಂದು ಭಾಗ ಗಾಳಿಯೊಡನೆ ಎತ್ತರಕ್ಕೆ ಹೋಯಿತು. ಇನ್ನೊಂದು ಭಾಗ ಅಷ್ಟರೊಳಗೆ ಆ ಬಯಲಿನಲ್ಲಿ ಒಲೆ ಹೊತ್ತಿಸಿದವರ, ದನ ಬಿಟ್ಟವರ, ಶಾಲೆಗೆ ನಡೆದವರ ಮೂಗನ್ನು ಹೊಕ್ಕಿತು.

ಹೊಗೆಯಿಂದ ಕಣ್ಣು ಉರಿಯುತ್ತದೆ, ಕೆಮ್ಮು ಬರುತ್ತದೆ, ಉಬ್ಬಸವುಳ್ಳವರಿಗೆ ಉಸಿರು ಕಟ್ಟುತ್ತದೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಹೊಗೆ ಕುಡಿದವರ ಮೂತ್ರಪಿಂಡಕ್ಕೆ ಕೇಡಾಗುತ್ತದೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಶ್ವಾಸಕೋಶ ಇರುವುದು ಎದೆಯಲ್ಲಿ. ಮೂತ್ರಪಿಂಡ ಇರುವುದು ಬೆನ್ನಿನ ಕಡೆ, ಪಕ್ಕೆಲುಬುಗಳ ಕೆಳಮರೆಯಲ್ಲಿ. ಒಂದರ ಕೆಲಸ ಗಾಳಿಯೊಡನೆ, ಮತ್ತೊಂದರದು ನೀರಿನೊಡನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂದು ನಮ್ಮ ಹಿರಿಯರು ನಗುತ್ತಿದ್ದರು. ದೇಹದೊಳಗೆ ಮಾತ್ರ ಎತ್ತು ಉಸಿರಾಡಿದ್ದಕ್ಕೆ ಎಮ್ಮೆಗೆ ಬರೆ ಬೀಳುವುದುಂಟು. ಅದು ಹೇಗೆಂಬುದನ್ನು ಅರಿಯಬೇಕಾದರೆ ಹೊಗೆಯ ಹಿಂದೆಯೇ ದೇಹದೊಳಗೆ ಪಯಣಿಸಬೇಕು.

ಈ ಪಯಣದ ಎರಡು ಕೊನೆಗಳನ್ನೂ ಮೊದಲು ಕಂಡವನು ಒಬ್ಬನೇ ಮನುಷ್ಯನೆಂಬುದು ವಿಜ್ಞಾನದ ಇತಿಹಾಸದ ಒಂದು ಸೋಜಿಗ. ಇಟಲಿಯ ಬೊಲೊನ್ಯ ನಗರದ ವೈದ್ಯ ಮಾರ್ಚೆಲೊ ಮಾಲ್ಪಿಘಿ 1661ರಲ್ಲಿ ಸೂಕ್ಷ್ಮದರ್ಶಕದಡಿಯಲ್ಲಿ ಕಪ್ಪೆಯ ಶ್ವಾಸಕೋಶವನ್ನು ಪರೀಕ್ಷಿಸಿದ. ಗಾಳಿ ತುಂಬುವ ಪುಟ್ಟ ಕೋಶಗಳ ಗೋಡೆಯಲ್ಲಿ ಕೂದಲಿಗಿಂತ ಸಣ್ಣನೆಯ ರಕ್ತನಾಳಗಳ ಬಲೆ ಹಬ್ಬಿರುವುದನ್ನು ಅವನು ಕಂಡ. ಅಪಧಮನಿಯನ್ನೂ ಅಭಿಧಮನಿಯನ್ನೂ ಕೂಡಿಸುವ ಲೋಮನಾಳಗಳು ಇವೇ. ಐದು ವರ್ಷಗಳ ತರುವಾಯ, 1666ರಲ್ಲಿ, ಅದೇ ಮಾಲ್ಪಿಘಿ ಮೂತ್ರಪಿಂಡವನ್ನು ಸೀಳಿ ನೋಡಿ, ರಕ್ತನಾಳದ ಕವಲುಗಳಿಗೆ ಹಣ್ಣುಗಳು ಜೋತುಬಿದ್ದಂತಿರುವ ಸಣ್ಣ ಕಾಳುಗಳನ್ನು ವರ್ಣಿಸಿದ. ಆ ಕಾಳುಗಳೂ ಲೋಮನಾಳಗಳ ಗೊಂಚಲುಗಳೇ ಎಂಬುದು ಮುಂದೆ ತಿಳಿಯಿತು. ಎದೆಯಲ್ಲೊಂದು ಬಲೆ, ಬೆನ್ನಿನಲ್ಲೊಂದು ಗೊಂಚಲು. ಅವೆರಡರ ನಡುವೆ ಹರಿಯುವುದು ಒಂದೇ ರಕ್ತ.

ಮನುಷ್ಯನು ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಲೀಟರ್ ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಶ್ವಾಸಕೋಶಗಳಲ್ಲಿರುವ ವಾಯುಕೋಶಗಳ ಸಂಖ್ಯೆ ಮೂವತ್ತು ಕೋಟಿಗೂ ಮೇಲೆ. ಅವನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರಿನ ಹಾಸಾದೀತು. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ಒಂದು ಶಾಲೆಯ ಕೊಠಡಿಯಷ್ಟು ಅಗಲವಾದ, ಆದರೆ ಈರುಳ್ಳಿಯ ಪೊರೆಗಿಂತಲೂ ತೆಳುವಾದ ಬಟ್ಟೆಯೊಂದು ಹಗಲಿರುಳೂ ಗಾಳಿಗೆ ಒಡ್ಡಿಕೊಂಡಿದೆ ಎಂಬುದು ಮನಸ್ಸಿನಲ್ಲಿ ಉಳಿದರೆ ಸಾಕು.

ಎಲ್ಲ ಧೂಳೂ ಆ ಬಟ್ಟೆಯವರೆಗೆ ತಲಪುವುದಿಲ್ಲ. ಕಣದಲ್ಲಿ ತೂರುವಾಗ ಹಾರುವ ಹೊಟ್ಟು, ಲಾರಿಯ ಹಿಂದೆ ಏಳುವ ಕೆಂಧೂಳು ಇವುಗಳಲ್ಲಿ ಬಹುಪಾಲು ಮೂಗಿನ ಕೂದಲಿಗೆ, ಗಂಟಲಿನ ಅಂಟಿಗೆ ಸಿಕ್ಕಿಬಿದ್ದು, ಸೀನಾಗಿ, ಕಫವಾಗಿ ಹೊರಬೀಳುತ್ತವೆ. ಅಪಾಯವಿರುವುದು ಕಣ್ಣಿಗೆ ಕಾಣದ ಕಣಗಳಲ್ಲಿ. ಮನುಷ್ಯನ ತಲೆಗೂದಲಿನ ದಪ್ಪ ಐವತ್ತರಿಂದ ಎಪ್ಪತ್ತು ಮೈಕ್ರೊಮೀಟರ್. ಮೈಕ್ರೊಮೀಟರ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು. ಎರಡೂವರೆ ಮೈಕ್ರೊಮೀಟರಿಗಿಂತ ಕಿರಿದಾದ ಕಣಗಳನ್ನು ವಿಜ್ಞಾನಿಗಳು 'ಪಿ.ಎಂ. 2.5' ಎಂಬ ಹೆಸರಿನಿಂದ ಗುರುತಿಸುತ್ತಾರೆ. ಕಟ್ಟಿಗೆ, ಕುಳ್ಳು, ಡೀಸೆಲ್, ಕಲ್ಲಿದ್ದಲು, ಯಾವುದು ಉರಿದರೂ ಈ ಕಣಗಳು ಹುಟ್ಟುತ್ತವೆ. ಅವು ಮೂಗಿನ ಕಾವಲನ್ನು ದಾಟಿ ನೇರವಾಗಿ ವಾಯುಕೋಶಗಳ ಒಳಗೆ ಹೋಗಿ ಕುಳಿತುಕೊಳ್ಳುತ್ತವೆ. ಅವುಗಳಲ್ಲಿ ಅತಿ ಸಣ್ಣವು ಅಲ್ಲಿಯೂ ನಿಲ್ಲದೆ ರಕ್ತಕ್ಕೆ ಇಳಿಯುತ್ತವೆ.

ರಕ್ತಕ್ಕೆ ಇಳಿಯುತ್ತವೆ ಎಂಬುದಕ್ಕೆ ಸಾಕ್ಷಿಯೇನು? ಹೊಗೆಯ ಕಣಗಳನ್ನು ರಕ್ತದಲ್ಲಿ ಹುಡುಕುವುದು ಬಹಳ ತೊಡಕಿನ ಕೆಲಸ. ಆದಕಾರಣ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಉಪಾಯ ಹೂಡಿದರು. ದೇಹದಲ್ಲಿ ಸಾಮಾನ್ಯವಾಗಿ ಇಲ್ಲದಿರುವ ಮತ್ತು ಅದಕ್ಕೆ ಕೇಡು ಮಾಡದ ಚಿನ್ನವನ್ನು ಅತಿ ನುಣುಪಾದ ಧೂಳಾಗಿಸಿ, ಒಪ್ಪಿ ಮುಂದೆ ಬಂದ ಆರೋಗ್ಯವಂತರಿಗೆ ಅದನ್ನು ಉಸಿರಿನೊಡನೆ ಕೊಟ್ಟರು. ದಿನವೊಂದು ಕಳೆಯುವುದರೊಳಗೆ ಆ ಚಿನ್ನ ಅವರ ರಕ್ತದಲ್ಲಿಯೂ ಮೂತ್ರದಲ್ಲಿಯೂ ಕಾಣಿಸಿಕೊಂಡಿತು. ಮೂರು ತಿಂಗಳ ಬಳಿಕ ಪರೀಕ್ಷಿಸಿದಾಗಲೂ ಅದು ಇನ್ನೂ ಅಲ್ಲಿಯೇ ಇತ್ತು. ಈ ಪ್ರಯೋಗದ ವರದಿ 2017ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬೆಲ್ಜಿಯಂ ದೇಶದಿಂದ ಮತ್ತೊಂದು ವರದಿ ಬಂದಿತು. ಅಲ್ಲಿ ಒಂಬತ್ತರಿಂದ ಹನ್ನೆರಡು ವರ್ಷ ವಯಸ್ಸಿನ, ಮುನ್ನೂರಕ್ಕೆ ತುಸು ಕಡಿಮೆ ಮಕ್ಕಳ ಮೂತ್ರವನ್ನು ಪರೀಕ್ಷಿಸಿದಾಗ ಅದರಲ್ಲಿ ಮಸಿಯ ಕಣಗಳು ದೊರೆತವು. ವಾಹನಗಳು ಹೆಚ್ಚಾಗಿ ಓಡಾಡುವ ರಸ್ತೆಗಳಿಗೆ ಸಮೀಪದಲ್ಲಿ ವಾಸಿಸುವ ಮಕ್ಕಳಲ್ಲಿ ಆ ಕಣಗಳು ಹೆಚ್ಚಾಗಿದ್ದವು. ಆ ಮಕ್ಕಳು ರೋಗಿಗಳಲ್ಲ. ದಿನವೂ ಶಾಲೆಗೆ ಹೋಗಿ ಆಡಿ ಬರುತ್ತಿದ್ದವರು. ಮೂಗಿನಿಂದ ಹೊಕ್ಕ ಮಸಿ ಮೂತ್ರದಲ್ಲಿ ಕಂಡಿತೆಂದರೆ, ಅದು ಮೂತ್ರಪಿಂಡದ ಮೂಲಕ ಹಾದು ಬಂದಿದೆ ಎಂದೇ ಅರ್ಥ.

ಮೂತ್ರಪಿಂಡದ ಕೆಲಸವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯೇನೂ ತೋರದು. ಎರಡೂ ಸೇರಿ ಮುನ್ನೂರು ಗ್ರಾಂ ತೂಗುವ ಈ ಅವಯವಗಳಿಗೆ, ಹೃದಯದಿಂದ ಹೊರಟ ರಕ್ತದಲ್ಲಿ ಐದನೆಯ ಒಂದು ಪಾಲು ಬರುತ್ತದೆ. ಎಂದರೆ ನಿಮಿಷಕ್ಕೆ ಒಂದು ಲೀಟರಿಗಿಂತ ಹೆಚ್ಚು. ತೂಕಕ್ಕೆ ತಕ್ಕಂತೆ ಎಣಿಸಿದರೆ ಇಷ್ಟೊಂದು ರಕ್ತವನ್ನು ಪಡೆಯುವ ಅವಯವಗಳು ದೇಹದಲ್ಲಿ ತೀರ ಅಪರೂಪ. ಶ್ವಾಸಕೋಶದಿಂದ ರಕ್ತಕ್ಕೆ ಏನೇ ಸೇರಿದರೂ ಅದು ಬಲುಬೇಗ ಮೂತ್ರಪಿಂಡದ ಬಾಗಿಲಿಗೆ ಬಂದು ನಿಲ್ಲುತ್ತದೆ.

ಬೀದರಿನವರಿಗೆ ಈ ಸೋಸುವ ಕಲೆ ಹೊಸದಲ್ಲ. 15ನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ನಗರದ ಹೊರಗಿನ ನೌಬಾದಿನಲ್ಲಿ ನೆಲದಡಿಯ ಕಾಲುವೆಯೊಂದನ್ನು ಕೊರೆದರು. ಅದನ್ನು ಕಾರೇಜ್ ಎಂದೂ ಸುರಂಗಬಾವಿ ಎಂದೂ ಕರೆಯುತ್ತಾರೆ. ಮೇಲೆ ಬಿದ್ದ ಮಳೆಯ ನೀರು ಜಂಬಿಟ್ಟಿಗೆಯ ಅಸಂಖ್ಯಾತ ರಂಧ್ರಗಳಲ್ಲಿ ಸೋಸಿ ಇಳಿದು, ಆ ಸುರಂಗದಲ್ಲಿ ಕೂಡಿ, ಇಳಿಜಾರಿನಲ್ಲಿ ತಾನಾಗಿ ಹರಿಯುತ್ತದೆ. ಮೂತ್ರಪಿಂಡವೊಂದರಲ್ಲಿ ಇಂತಹ ಸೂಕ್ಷ್ಮ ಸುರಂಗಗಳು ಸುಮಾರು ಹತ್ತು ಲಕ್ಷ. ಅವಕ್ಕೆ ನೆಫ್ರಾನ್ ಎಂದು ಹೆಸರು. ಪ್ರತಿಯೊಂದರ ತಲೆಯಲ್ಲಿಯೂ ಮಾಲ್ಪಿಘಿ ಕಂಡ ಲೋಮನಾಳಗಳ ಗೊಂಚಲು. ರಕ್ತದ ಒತ್ತಡಕ್ಕೆ ನೀರು, ಲವಣ, ಸಕ್ಕರೆ, ಕಶ್ಮಲಗಳು ಅಲ್ಲಿ ಸೋಸಿ ಇಳಿಯುತ್ತವೆ. ರಕ್ತಕಣಗಳೂ ಪ್ರೋಟೀನುಗಳೂ ಒಳಗೇ ಉಳಿಯುತ್ತವೆ. ದಿನಕ್ಕೆ ಹೀಗೆ ಸೋಸುವ ದ್ರವ ಸುಮಾರು 180 ಲೀಟರ್. ಮುಂದಿನ ನಾಳದಲ್ಲಿ ಬೇಕಾದ ನೀರು, ಬೇಕಾದ ಲವಣ ಮತ್ತೆ ರಕ್ತಕ್ಕೆ ಮರಳಿ, ಕೊನೆಗೆ ಮೂತ್ರವಾಗಿ ಹೊರಬೀಳುವುದು ಒಂದೂವರೆ ಎರಡು ಲೀಟರ್ ಮಾತ್ರ. ಸುರಂಗಬಾವಿಯಲ್ಲಿ ಹೂಳು ತುಂಬಿದರೆ ಮನುಷ್ಯರು ಇಳಿದು ಅದನ್ನು ತೆಗೆಯಬಹುದು. ಒಮ್ಮೆ ಕೆಟ್ಟ ನೆಫ್ರಾನನ್ನು ಮತ್ತೆ ತೆರೆಯುವ ಉಪಾಯವಿಲ್ಲ. ಅದರ ಜಾಗದಲ್ಲಿ ಹೊಸದು ಹುಟ್ಟುವುದೂ ಇಲ್ಲ.

ಹಾಗೆಂದು ಹೊಗೆಯ ಕಣಗಳು ಹೂಳಿನಂತೆ ನೆಫ್ರಾನನ್ನು ಕಟ್ಟಿಬಿಡುತ್ತವೆ ಎಂದು ತಿಳಿಯಬಾರದು. ಅವು ಅಷ್ಟು ದಪ್ಪವಾದವುಗಳಲ್ಲ, ಅಷ್ಟು ಹೇರಳವೂ ಅಲ್ಲ. ಕೇಡು ಬೇರೆ ಬಗೆಯಿಂದ ಆಗುತ್ತದೆ. ವಾಯುಕೋಶದಲ್ಲಿ ಕುಳಿತ ಕಣವನ್ನು ಶತ್ರುವೆಂದು ಬಗೆದು ದೇಹದ ರಕ್ಷಕ ಕೋಶಗಳು ಅದರ ಮೇಲೆರಗುತ್ತವೆ. ರೋಗಾಣುವಾದರೆ ಸಾಯುತ್ತದೆ, ಮಸಿ ಸಾಯುವುದಿಲ್ಲ. ಕಾಳಗ ಮುಗಿಯುವುದಿಲ್ಲ. ಆ ಕಾಳಗದಲ್ಲಿ ಹೊಮ್ಮಿದ ರಾಸಾಯನಿಕಗಳು ಶ್ವಾಸಕೋಶದಲ್ಲಿಯೇ ನಿಲ್ಲದೆ ರಕ್ತದೊಡನೆ ಮೈಯೆಲ್ಲ ಸುತ್ತುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಅವುಗಳ ಪೆಟ್ಟು ಮೊದಲು ಬೀಳುವುದು ರಕ್ತನಾಳಗಳ ಒಳಮೈಗೆ. ನುಣುಪಾಗಿ, ಮೆತುವಾಗಿ ಇರಬೇಕಾದ ಆ ಒಳಮೈ ಬಿಗಿಯಾಗುತ್ತದೆ, ನಾಳಗಳು ಹಿಗ್ಗಬೇಕಾದಾಗ ಹಿಗ್ಗುವುದಿಲ್ಲ, ರಕ್ತದೊತ್ತಡ ಏರುತ್ತದೆ. ಏರಿದ ಒತ್ತಡ ಮೂತ್ರಪಿಂಡದ ಗೊಂಚಲುಗಳನ್ನು ದಿನದಿನವೂ ಜಗ್ಗುತ್ತದೆ. ಜಗ್ಗಿ ಜಗ್ಗಿ ಸೋಸುವ ಪೊರೆ ಸಡಿಲವಾದಾಗ, ಒಳಗೇ ಉಳಿಯಬೇಕಾಗಿದ್ದ ಆಲ್ಬುಮಿನ್ ಎಂಬ ಪ್ರೋಟೀನು ಮೂತ್ರಕ್ಕೆ ಜಾರುತ್ತದೆ. ಕಾಲಕ್ರಮದಲ್ಲಿ ಗೊಂಚಲು ಗಾಯಗೊಂಡು, ಕಲೆಗಟ್ಟಿ, ಮುಚ್ಚಿಹೋಗುತ್ತದೆ. ಅದರ ಹೊರೆ ಅಕ್ಕಪಕ್ಕದ ನೆಫ್ರಾನುಗಳ ಮೇಲೆ ಬೀಳುತ್ತದೆ. ಅವೂ ಹೊತ್ತಿಗೆ ಮುನ್ನವೇ ದಣಿಯುತ್ತವೆ. ಹೊಗೆಯೊಡನೆ ಬಂದ ಸೀಸ, ಕ್ಯಾಡ್ಮಿಯಂ ಮೊದಲಾದ ಲೋಹಗಳಿದ್ದರೆ ಅವು ನೆಫ್ರಾನಿನ ನಾಳಗಳನ್ನು ನೇರವಾಗಿಯೇ ಬಾಧಿಸುತ್ತವೆ.

ಇದು ಬರಿಯ ತರ್ಕವಲ್ಲ. ಅಮೆರಿಕದಲ್ಲಿ ಸೈನ್ಯದಿಂದ ನಿವೃತ್ತರಾದ 25 ಲಕ್ಷಕ್ಕೆ ಸಮೀಪದ ಜನರ ಆರೋಗ್ಯದ ದಾಖಲೆಗಳನ್ನು ಎಂಟು ವರ್ಷಗಳಿಗೂ ಹೆಚ್ಚು ಕಾಲ ಅನುಸರಿಸಿ, ಅವರು ವಾಸಿಸುವ ಊರಿನ ಗಾಳಿಯೊಡನೆ ಹೋಲಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ಸೂಕ್ಷ್ಮಕಣಗಳು ಹೆಚ್ಚಿದಂತೆ ಮೂತ್ರಪಿಂಡದ ದೀರ್ಘಕಾಲದ ರೋಗ ಬರುವ ಸಂಭವವೂ ಹೆಚ್ಚಿತ್ತು. ಚೀನಾದಲ್ಲಿ 2004ರಿಂದ 2014ರವರೆಗೆ 282 ನಗರಗಳ ರೋಗಿಗಳಿಂದ ತೆಗೆದ, ಎಪ್ಪತ್ತು ಸಾವಿರಕ್ಕೂ ಹೆಚ್ಚು ಮೂತ್ರಪಿಂಡದ ಚೂರುಗಳನ್ನು ತಜ್ಞರು ಪರಿಶೀಲಿಸಿದರು. ಸೋಸುವ ಪೊರೆ ದಪ್ಪಗಾಗುವ ಒಂದು ಬಗೆಯ ರೋಗ ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದು ಅವರಿಗೆ ಕಂಡಿತು. ಗಾಳಿ ತೀರ ಕೆಟ್ಟಿದ್ದ ಪ್ರದೇಶಗಳಲ್ಲಿ ಅದು ಹೆಚ್ಚಾಗಿತ್ತು. ಇಂತಹ ಅಧ್ಯಯನಗಳು ಎರಡು ಸಂಗತಿಗಳು ಜೊತೆಜೊತೆಯಾಗಿ ಏರುವುದನ್ನು ತೋರಿಸುತ್ತವೆಯೇ ಹೊರತು, ಒಬ್ಬ ರೋಗಿಯನ್ನು ಮುಂದಿಟ್ಟು 'ಇವನ ರೋಗಕ್ಕೆ ಹೊಗೆಯೇ ಕಾರಣ' ಎಂದು ಹೇಳಲಾರವು. ಮೂತ್ರಪಿಂಡದ ದೊಡ್ಡ ವೈರಿಗಳು ಇಂದಿಗೂ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡಗಳೇ. ವೈದ್ಯರನ್ನು ಕೇಳದೆ ನುಂಗುವ ನೋವಿನ ಗುಳಿಗೆಗಳೂ ಆ ಸಾಲಿಗೆ ಸೇರುತ್ತವೆ. ಹೊಗೆ ಆ ವೈರಿಗಳಿಗೆ ಹಿಂಬಾಗಿಲು ತೆರೆದುಕೊಡುತ್ತದೆ. ಒಮ್ಮೊಮ್ಮೆ ತಾನೇ ಒಳನುಗ್ಗುತ್ತದೆ.

ಕೋಟೆಯ ಮೇಲಿನಿಂದ ಕಂಡ ಆ ನೀಲಿ ತೆರೆಯ ಕೆಳಗೆ ಈಗ ಇಳಿದು ನೋಡಬಹುದು. ಔರಾದ್ ಸೀಮೆಯಲ್ಲಿ ಬೇಸಾಯ ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದೆ. ತೊಗರಿ, ಉದ್ದು, ಹೆಸರು, ಸೋಯಾ, ಜೋಳ ಅಲ್ಲಿಯ ಬೆಳೆಗಳು. ತೊಗರಿಯ ರಾಶಿ ಮುಗಿದ ಮೇಲೆ ಉಳಿದ ಕಟ್ಟಿಗೆಯನ್ನು ಹಿತ್ತಿಲಲ್ಲಿ ಒಟ್ಟಿಟ್ಟುಕೊಂಡು ಉರುವಲಿಗೆ ಬಳಸುತ್ತಾರೆ. ದೇವಣಿ ತಳಿಯ ದನಗಳ ನಾಡಾದ್ದರಿಂದ ಕುಳ್ಳಿಗೂ ಕೊರತೆಯಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ದೇಶದ ಬಡಕುಟುಂಬಗಳಿಗೆ ಅಡಿಗೆ ಅನಿಲದ ಸಂಪರ್ಕ ದೊರೆಯಿತು. ಆದರೂ ಹಳ್ಳಿಗಳಲ್ಲಿ ಚಹಾ ಗ್ಯಾಸಿನ ಮೇಲೆ, ರೊಟ್ಟಿ ಕಟ್ಟಿಗೆಯ ಒಲೆಯ ಮೇಲೆ ಎಂಬ ಹಂಚಿಕೆ ಎಷ್ಟೋ ಮನೆಗಳಲ್ಲಿ ಉಳಿದುಕೊಂಡಿದೆ. ಇದನ್ನು ಮೌಢ್ಯವೆಂದು ಹಳಿಯುವುದು ಸುಲಭ. ಮರುಸಿಲಿಂಡರಿನ ಹಣವನ್ನು ಎಣಿಸಬೇಕಾದವರಿಗೆ, ಹೊಲದಿಂದ ಪುಕ್ಕಟೆಯಾಗಿ ಬಂದ ಕಟ್ಟಿಗೆಯನ್ನು ಕಂಡೂ ಕಾಣದಂತಿರುವುದು ಸುಲಭವಲ್ಲ.

ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಗಳಲ್ಲಿ ಅಡಿಗೆಮನೆ ಒಳಗೊಳಗೆ ಇರುತ್ತದೆ. ಕಿಟಕಿ ಚಿಕ್ಕದು; ಮೇಲೊಂದು ಬೆಳಕಿಂಡಿ. ಒಲೆಯ ಮುಂದೆ ಕುಳಿತು ಊದುಗೊಳವೆಯಿಂದ ಬೆಂಕಿ ಊದುವ ತಾಯಿಯ ಮುಖ ಹೊಗೆಯಿಂದ ಒಂದೆರಡು ಅಡಿಗಳ ಅಂತರದಲ್ಲಿದೆ. ಭಾರತ ಸರ್ಕಾರ 2009ರಲ್ಲಿ ಗೊತ್ತುಪಡಿಸಿದ ಮಾನದಂಡದಂತೆ, ಒಂದು ಘನಮೀಟರ್ ಗಾಳಿಯಲ್ಲಿ ಸೂಕ್ಷ್ಮಕಣಗಳು ಇಡೀ ದಿನದ ಸರಾಸರಿಯಲ್ಲಿ 60 ಮೈಕ್ರೊಗ್ರಾಮನ್ನು ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿಕೊಟ್ಟ ಮಿತಿ ಇನ್ನೂ ಬಿಗಿ, ದಿನಕ್ಕೆ 15. ಕಟ್ಟಿಗೆ ಉರಿಯುವ, ಹೊಗೆಗೆ ದಾರಿಯಿಲ್ಲದ ಅಡಿಗೆಮನೆಯಲ್ಲಿ ಅಡಿಗೆಯ ಹೊತ್ತಿಗೆ ಅದು ನೂರಾರು ಮೈಕ್ರೊಗ್ರಾಮುಗಳಿಗೆ ಏರುತ್ತದೆ. ಮಾನದಂಡಗಳನ್ನು ಬಯಲಿನ ಗಾಳಿಗಾಗಿ ಬರೆದರು. ಅಡಿಗೆಮನೆಯೊಳಗೆ ಅಳತೆಯ ಯಂತ್ರ ಹೊತ್ತು ಬರುವವರು ವಿರಳ.

ಒಲೆ ಬದಲಾದರೆ ಏನಾಗುತ್ತದೆ ಎಂಬುದನ್ನು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಗುಡ್ಡಗಾಡಿನಲ್ಲಿ ಪರೀಕ್ಷಿಸಿ ನೋಡಿದ್ದಾರೆ. ಅಲ್ಲಿಯ ಹೆಂಗಸರೂ ನೆಲದ ಮೇಲಿನ ತೆರೆದ ಬೆಂಕಿಯಲ್ಲಿ ಮೆಕ್ಕೆಜೋಳದ ರೊಟ್ಟಿ ಬೇಯಿಸುವವರು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಮನೆಗಳಿಗೆ ಹೊಗೆಗೂಡುಳ್ಳ ಒಲೆಗಳನ್ನು ಕಟ್ಟಿಕೊಟ್ಟರು. ಉಳಿದ ಮನೆಗಳು ಹಳೆಯ ಬೆಂಕಿಯಲ್ಲಿಯೇ ಕೆಲಕಾಲ ಮುಂದುವರಿದವು. 2007ರಲ್ಲಿ ಪ್ರಕಟವಾದ ವರದಿಯಂತೆ, ಹೊಗೆಗೂಡು ಪಡೆದ ಹೆಂಗಸರ ರಕ್ತದೊತ್ತಡದ ಕೆಳಗಿನ ಅಂಕಿ, ಉಳಿದವರದಕ್ಕಿಂತ ಸುಮಾರು ಮೂರು ಮಿಲಿಮೀಟರಿನಷ್ಟು ತಗ್ಗಿತ್ತು. ಗುಳಿಗೆಯಿಲ್ಲ, ಪಥ್ಯವಿಲ್ಲ, ಇಟ್ಟಿಗೆಯೂ ಒಂದು ಕೊಳವೆಯೂ ಮಾಡಿದ ಕೆಲಸ. ರಕ್ತದೊತ್ತಡ ತಗ್ಗುವುದೆಂದರೆ ಮೂತ್ರಪಿಂಡದ ಗೊಂಚಲುಗಳ ಮೇಲಿನ ಜಗ್ಗಾಟ ತಗ್ಗುವುದೆಂದೇ ಅರ್ಥ.

ಭಾಲ್ಕಿಯ ಕಡೆಗೆ ಹೊರಳಿದರೆ ದೃಶ್ಯ ಬದಲಾಗುತ್ತದೆ. ಬ್ಯಾಲಹಳ್ಳಿಯ ಬಳಿಯ ಕಾರಂಜಾ ಜಲಾಶಯ ಈ ತಾಲ್ಲೂಕಿನದು. ಮಾಂಜ್ರಾ ನದಿಯೂ ಸಮೀಪ. ನೀರಿದ್ದಲ್ಲಿ ಕಬ್ಬು. ಚಳಿಗಾಲ ಬಂತೆಂದರೆ ಕಬ್ಬಿನ ಕಟಾವು, ಸಕ್ಕರೆ ಕಾರ್ಖಾನೆಗಳ ಹಂಗಾಮು. ಕಟಾವಾದ ಮೇಲೆ ಗದ್ದೆಯ ತುಂಬ ಮೊಳಕಾಲೆತ್ತರ ರವದಿ ಬಿದ್ದಿರುತ್ತದೆ. ಅದನ್ನು ಆರಿಸಿ ತೆಗೆಯಲು ಆಳುಗಳ ಕೂಲಿ ಹೆಚ್ಚು. ಕುಳೆ ಕಬ್ಬು ಬೇಗ ಚಿಗುರಬೇಕು. ಹಾವು ಇಲಿಗಳ ಅಂಜಿಕೆ ಬೇರೆ. ಒಂದು ಕಡ್ಡಿ ಗೀರಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಮುಗಿದದ್ದು ರವದಿ ಮಾತ್ರವಲ್ಲ. ಮಣ್ಣಿಗೆ ಸೇರಬೇಕಾಗಿದ್ದ ಸಾವಯವ ಅಂಶವೂ ಸಾರಜನಕವೂ ಹೊಗೆಯಾಗಿ ಹೋದವು. ರವದಿಯನ್ನು ಪುಡಿಮಾಡಿ ಸಾಲುಗಳ ನಡುವೆ ಹೊದಿಸುವ ಯಂತ್ರಗಳು ಬಂದಿವೆ. ಹಾಗೆ ಹೊದಿಸಿದ ಗದ್ದೆಯಲ್ಲಿ ತೇವ ಹೆಚ್ಚು ದಿನ ನಿಲ್ಲುತ್ತದೆ.

ಕಬ್ಬಿಗೂ ಮೂತ್ರಪಿಂಡಕ್ಕೂ ಇರುವ ನಂಟಿನ ಕಥೆ ಇನ್ನೂ ಒಂದಿದೆ. ನಿಕರಾಗುವಾ, ಎಲ್ ಸಾಲ್ವಡಾರ್ ಮೊದಲಾದ ಮಧ್ಯ ಅಮೆರಿಕದ ದೇಶಗಳಲ್ಲಿ ಕಬ್ಬು ಕಡಿಯುವ ಸಹಸ್ರಾರು ಯುವಕರು, ಸಕ್ಕರೆ ಕಾಯಿಲೆಯಾಗಲಿ ರಕ್ತದೊತ್ತಡವಾಗಲಿ ಮೊದಲು ಇಲ್ಲದಿದ್ದರೂ, ಮೂತ್ರಪಿಂಡ ಸೋತು ಸಾಯುತ್ತಿರುವುದನ್ನು ವೈದ್ಯರು ಗಮನಿಸಿದರು. ಉರಿಬಿಸಿಲಿನಲ್ಲಿ ಸಾಕಷ್ಟು ನೀರು ಕುಡಿಯದೆ ದುಡಿಯುವುದೇ ಮುಖ್ಯ ಕಾರಣವೆಂದು ಬಹುಮಂದಿ ತಜ್ಞರ ಮತ. ಕಟಾವಿಗೆ ಮೊದಲೇ ಗದ್ದೆಗೆ ಬೆಂಕಿಯಿಡುವ ಪದ್ಧತಿ ಅಲ್ಲಿದೆ. ಕಬ್ಬಿನ ಎಲೆಯಲ್ಲಿ ಸಿಲಿಕಾ ಹೇರಳವಾಗಿರುವುದರಿಂದ, ಕರಿಯ ಬೂದಿಯೊಡನೆ ಉಸಿರಿಗೆ ಹೋಗುವ ಸಿಲಿಕಾದ ಕಣಗಳ ಮೇಲೂ ಸಂಶೋಧಕರು ಸಂಶಯದ ಕಣ್ಣಿಟ್ಟಿದ್ದಾರೆ. ಆ ವಿಚಾರಣೆ ಇನ್ನೂ ಮುಗಿದಿಲ್ಲ. ಬೀದರ್ ಜಿಲ್ಲೆಯ ಬಿಸಿಲೂ ಸೌಮ್ಯವಾದುದೇನಲ್ಲ.

ನಗರದ ಹೊಗೆಯ ಬಗೆಯೇ ಬೇರೆ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಸುತ್ತಣ ಹಳ್ಳಿಗಳ ಜನರು ರಾಸಾಯನಿಕ ಕಾರ್ಖಾನೆಗಳಿಂದ ಬರುವ ದುರ್ವಾಸನೆಯ ವಿಷಯವಾಗಿ ಬಹುಕಾಲದಿಂದ ದೂರುತ್ತ ಬಂದಿದ್ದಾರೆ. ವಾಸನೆಗೆ ಒಂದು ಗುಣವಿದೆ: ಅದು ಬಂದವರನ್ನು ಎಚ್ಚರಿಸುತ್ತದೆ. ಸೂಕ್ಷ್ಮಕಣಗಳಿಗೆ ಆ ಗುಣವಿಲ್ಲ. ವಾಸನೆ ಇಲ್ಲವೆಂದ ಮಾತ್ರಕ್ಕೆ ಗಾಳಿ ಶುದ್ಧವೆಂದು ನಂಬುವಂತಿಲ್ಲ. ಅಳತೆ ಮಾಡಿಯೇ ತಿಳಿಯಬೇಕು. 1981ರ ವಾಯುಮಾಲಿನ್ಯ ನಿಯಂತ್ರಣ ಕಾಯಿದೆ ಈ ಅಳತೆಯ ಹೊಣೆಯನ್ನೂ ತಪ್ಪಿದವರನ್ನು ತಡೆಯುವ ಅಧಿಕಾರವನ್ನೂ ಮಾಲಿನ್ಯ ನಿಯಂತ್ರಣ ಮಂಡಲಿಗಳಿಗೆ ಒಪ್ಪಿಸಿದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಗೆ ನೆರೆಯ ಕಲಬುರಗಿ ನಗರ ಸೇರಿತು.

ಬೀದರ್ ಎಂದೊಡನೆ ನೆನಪಾಗುವ ಬಿದರಿ ಕಲೆಯ ಮನೆಗಳಲ್ಲಿಯೂ ಕುಲುಮೆ ಇದೆ. ಹೆಚ್ಚು ಸತು, ಅದಕ್ಕೆ ತುಸು ತಾಮ್ರ ಬೆರೆಸಿ ಕರಗಿಸಿ ಎರಕ ಹೊಯ್ಯುತ್ತಾರೆ. ಕೆತ್ತಿ, ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪು ಬಣ್ಣ ಬರಿಸುತ್ತಾರೆ. 2006ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ಪಡೆದ ಹೆಮ್ಮೆಯ ಕಲೆ ಇದು. ಸತುವಿನ ಅದಿರಿನಲ್ಲಿ ಕ್ಯಾಡ್ಮಿಯಂ ಎಂಬ ಲೋಹ ಸಹಜವಾಗಿಯೇ ಬೆರೆತಿರುತ್ತದೆ. ಜಪಾನಿನ ಜಿಂಜು ನದಿಗೆ ಮೇಲಿನ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ, ಬತ್ತದ ಮೂಲಕ ಜನರ ಹೊಟ್ಟೆ ಸೇರಿ, ಮೂತ್ರಪಿಂಡಗಳನ್ನು ಕೆಡಿಸಿ, ಎಲುಬುಗಳನ್ನು ಮೆತ್ತಗಾಗಿಸಿತು. ನೋವಿನಿಂದ ನರಳುವವರ ಕೂಗನ್ನೇ ಹೆಸರಾಗಿ ಪಡೆದ ಆ 'ಇತಾಯ್ ಇತಾಯ್' ರೋಗವನ್ನು ಜಪಾನ್ ಸರ್ಕಾರ 1968ರಲ್ಲಿ ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿಕೊಂಡಿತು. ಶುದ್ಧೀಕರಿಸಿದ ಸತುವಿನಲ್ಲಿ ಕ್ಯಾಡ್ಮಿಯಂ ಉಳಿಯುವುದು ಅತ್ಯಲ್ಪ. ಆದುದರಿಂದ ಕಲಾವಿದರು ಹೆದರಬೇಕಾಗಿಲ್ಲ. ಕುಲುಮೆಯ ಹೊಗೆ ಕೊಠಡಿಯಲ್ಲಿ ಸುತ್ತದೆ ಹೊರಗೆ ಹೋಗುವಂತೆ ದಾರಿ ಮಾಡಿಕೊಂಡರೆ ಸರಿ. ವಿಚಿತ್ರವೆಂದರೆ, ಸತುವಿನ ಸಹವಾಸವೇ ಇಲ್ಲದ ಎಷ್ಟೋ ಜನ ಈ ಲೋಹವನ್ನು ದಿನವೂ ಕೊಂಡು ಸೇದುತ್ತಾರೆ. ತಂಬಾಕಿನ ಗಿಡ ಮಣ್ಣಿನಲ್ಲಿರುವ ಕ್ಯಾಡ್ಮಿಯಮನ್ನು ಹೀರಿ ಎಲೆಯಲ್ಲಿ ಕೂಡಿಡುತ್ತದೆ. ಬೀಡಿಯ ಹೊಗೆಯೊಡನೆ ಅದು ರಕ್ತಕ್ಕೆ ಬಂದು ಮೂತ್ರಪಿಂಡದಲ್ಲಿ ನೆಲೆಸಿದರೆ, ಅದರ ಅರ್ಧ ಭಾಗ ಹೊರಹೋಗಲು ಹತ್ತರಿಂದ ಮೂವತ್ತು ವರ್ಷಗಳು ಬೇಕು.

ಇಷ್ಟೆಲ್ಲ ನಡೆಯುತ್ತಿದ್ದರೂ ಮೂತ್ರಪಿಂಡ ದೂರು ಹೇಳುವುದಿಲ್ಲ. ಹಲ್ಲು ನೋಯುತ್ತದೆ, ಹೊಟ್ಟೆ ನೋಯುತ್ತದೆ. ಕಲೆಗಟ್ಟುತ್ತಿರುವ ನೆಫ್ರಾನು ನೋಯುವುದಿಲ್ಲ. ಒಂದು ಮೂತ್ರಪಿಂಡವನ್ನು ದಾನ ಕೊಟ್ಟವರೂ ಇನ್ನೊಂದರಿಂದ ಬಾಳುವೆ ನಡೆಸಬಲ್ಲರು. ಅಷ್ಟು ಹೆಚ್ಚುವರಿ ಶಕ್ತಿಯನ್ನು ಪ್ರಕೃತಿ ಅವುಗಳಲ್ಲಿ ಇಟ್ಟಿದೆ. ಆ ಔದಾರ್ಯವೇ ಅಪಾಯವಾಗಿಯೂ ಪರಿಣಮಿಸುತ್ತದೆ. ಕಾಲು ಬಾತು, ಹಸಿವು ಇಂಗಿ, ಮುಖ ಕಳೆಗುಂದಿ ರೋಗಿ ಆಸ್ಪತ್ರೆಗೆ ಬರುವ ವೇಳೆಗೆ ಬಹುಪಾಲು ನೆಫ್ರಾನುಗಳು ಹೋಗಿಯೇ ಇರುತ್ತವೆ. ಬಳಿಕ ಉಳಿಯುವುದು ಡಯಾಲಿಸಿಸ್: ವಾರಕ್ಕೆ ಎರಡು ಮೂರು ಬಾರಿ, ಪ್ರತಿಸಲವೂ ನಾಲ್ಕು ಗಂಟೆಯಷ್ಟು ಹೊತ್ತು, ರಕ್ತವನ್ನು ಯಂತ್ರದ ಮೂಲಕ ಹಾಯಿಸಿ ಸೋಸುವುದು. ರಾಜ್ಯದ ತಾಲ್ಲೂಕು ಆಸ್ಪತ್ರೆಗಳಿಗೂ ಈ ಯಂತ್ರಗಳು ಬಂದಿವೆ. ಹಳ್ಳಿಯ ಕೂಲಿಕಾರನ ಮನೆಯಲ್ಲಿ ಒಬ್ಬರಿಗೆ ಡಯಾಲಿಸಿಸ್ ಎಂದರೆ ವಾರದಲ್ಲಿ ಮೂರು ದಿನ ಇಬ್ಬರ ಕೂಲಿ ಹೋಯಿತು; ರೋಗಿಯೊಡನೆ ಒಬ್ಬರು ಹೋಗಲೇಬೇಕಲ್ಲ.

ಮೂತ್ರಪಿಂಡ ಮಾತನಾಡದಿದ್ದರೂ ಅದರ ಗುಟ್ಟನ್ನು ಮೂತ್ರ ಹೇಳುತ್ತದೆ. ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ರಿಚರ್ಡ್ ಬ್ರೈಟ್, ಮೈಬಾತು ಬಂದ ರೋಗಿಗಳ ಮೂತ್ರವನ್ನು ಒಂದು ಚಮಚದಲ್ಲಿ ತೆಗೆದುಕೊಂಡು ಮೇಣದ ಬತ್ತಿಯ ಉರಿಗೆ ಹಿಡಿಯುತ್ತಿದ್ದ. ಕಾಯಿಸಿದಾಗ ಮೊಟ್ಟೆಯ ಬಿಳಿಯಂತೆ ಅದು ಹೆಪ್ಪುಗಟ್ಟಿದರೆ, ಆಲ್ಬುಮಿನ್ ಸೋರುತ್ತಿದೆ, ಮೂತ್ರಪಿಂಡ ಕೆಟ್ಟಿದೆ ಎಂದು ಅವನು ತಿಳಿಯುತ್ತಿದ್ದ. ಈ ಸಂಬಂಧವನ್ನು ಅವನು 1827ರಲ್ಲಿ ಪ್ರಕಟಿಸಿದ. ಆ ಚಮಚದ ಜಾಗಕ್ಕೆ ಇಂದು ಬೆರಳಗಲದ ಪಟ್ಟಿಯೊಂದು ಬಂದಿದೆ. ಅದರ ತುದಿಯ ಹಳದಿ ಚೌಕವನ್ನು ಮೂತ್ರದಲ್ಲಿ ಅದ್ದಿ ತೆಗೆಯುತ್ತಾರೆ. ಆಲ್ಬುಮಿನ್ ಇದ್ದರೆ ಹಳದಿ ಹಸಿರಿಗೆ ತಿರುಗುತ್ತದೆ. ಕೆಲವೇ ರೂಪಾಯಿಗಳ, ಒಂದು ನಿಮಿಷದ ಕೆಲಸ. ಇದರೊಡನೆ ರಕ್ತದೊತ್ತಡ ಅಳೆದು, ರಕ್ತದಲ್ಲಿರುವ ಸಕ್ಕರೆಯನ್ನೂ ಕ್ರಿಯಾಟಿನಿನ್ ಎಂಬ ಕಶ್ಮಲದ ಪ್ರಮಾಣವನ್ನೂ ನೋಡಿದರೆ ಮೂತ್ರಪಿಂಡದ ಸ್ಥಿತಿ ಬಹುಮಟ್ಟಿಗೆ ತಿಳಿಯುತ್ತದೆ. ಚೌಕ ಹಸಿರಾದವರಿಗೆ ವೈದ್ಯರು ಸಕ್ಕರೆ ಕಾಯಿಲೆ ಇದೆಯೇ, ನೋವಿನ ಗುಳಿಗೆ ನುಂಗುತ್ತಾರೆಯೇ, ಬೀಡಿ ಸೇದುತ್ತಾರೆಯೇ ಎಂದು ಕೇಳುತ್ತಾರೆ. ಮನೆಯಲ್ಲಿ ರೊಟ್ಟಿ ಬೇಯುವುದು ಯಾವ ಒಲೆಯ ಮೇಲೆ ಎಂಬ ಪ್ರಶ್ನೆಯೂ ಆ ಸಾಲಿಗೆ ಸೇರತಕ್ಕದ್ದೇ.